ಒಬ್ಬರೇ ಕ್ಯಾಮೆರಾ ಹಿಡಿದು ಬೀದಿಗಿಳಿಯುವವರಿಗೆ

ಬೀದಿ ಫೋಟೋಗ್ರಫಿ ಶುರು ಮಾಡಬೇಕು, ಆದರೆ ಒಬ್ಬರೇ ಹೋಗೋಕೆ ಭಯ ಎನ್ನುವವರು ಸಾಮಾನ್ಯವಾಗಿ ಹೆದರುವುದು ಕಳ್ಳರಿಗೆ. ಕ್ಯಾಮೆರಾ ಕಿತ್ತುಕೊಂಡು ಓಡಿದರೆ ಏನು ಗತಿ ಅಂತ. ಆ ಭಯ ಸುಳ್ಳಲ್ಲ. ಆದರೆ ಬೆಂಗಳೂರಿನ ಬೀದಿಯಲ್ಲಿ ಮೊದಲು ಅಪಾಯ ಬರುವುದು ಫುಟ್‌ಪಾತ್ ಹತ್ತಿ ಬರುವ ಸ್ಕೂಟರಿನಿಂದ. ಆಮೇಲೆ ಚಪ್ಪಡಿ ಇಲ್ಲದ ಚರಂಡಿಯಿಂದ. ಅದಾದ ಮೇಲೆ, ಇವರು ಯಾರು, ಯಾಕೆ ಫೋಟೋ ತೆಗೀತಿದ್ದಾರೆ ಅಂತ ಗೊತ್ತಾಗದೆ ಸಿಟ್ಟಿಗೇಳುವ ಜನರಿಂದ. ಕಳ್ಳರ ಸರದಿ ಇಷ್ಟೆಲ್ಲ ಆದ ಮೇಲೆ.

ಗೆಳೆಯರ ಜೊತೆ ಹೋದರೆ ಒಬ್ಬರು ಫೋಟೋ ತೆಗೆಯುವಾಗ ಇನ್ನೊಬ್ಬರು ಸುತ್ತ ನೋಡುತ್ತಿರುತ್ತಾರೆ. ಒಬ್ಬರೇ ಇದ್ದಾಗ ಕಣ್ಣು ವ್ಯೂಫೈಂಡರ್‌ಗೆ ಹೋಯಿತು ಅಂದರೆ ಬೆನ್ನು ಕಾಯುವವರು ಯಾರೂ ಇರುವುದಿಲ್ಲ. ಆ ಕೊರತೆಯನ್ನು ಬೀದಿಯ ಜನರೇ ತುಂಬಬೇಕು. ಹೂವು ಮಾರುವ ಅಕ್ಕ, ಟೀ ಅಂಗಡಿಯ ಅಣ್ಣ, ಆಟೋ ಸ್ಟ್ಯಾಂಡಿನವರು. ಅವರಿಗೆ ನಾವು ಯಾರು ಅಂತ ಗೊತ್ತಿದ್ದರೆ ನಮ್ಮಷ್ಟು ಕ್ಷೇಮವಾಗಿರುವವರು ಇನ್ನೊಬ್ಬರಿಲ್ಲ. ಬಚ್ಚಿಟ್ಟುಕೊಂಡು, ಕದ್ದು ತೆಗೆಯುವುದೇ ಬೀದಿ ಫೋಟೋಗ್ರಫಿ ಅಂತ ಕೆಲವರು ಹೇಳಿಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಎಲ್ಲರಿಗೂ ಕಾಣುವ ಹಾಗೆ ಕ್ಯಾಮೆರಾ ಹಿಡಿದವರಿಗೇ ತೊಂದರೆ ಕಡಿಮೆ.

ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಅವೆನ್ಯೂ ರಸ್ತೆ, ಶಿವಾಜಿನಗರ ಈ ಕಡೆಯ ಮಾತು. ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗುವವರಿಗೂ ಬಹುಪಾಲು ಉಪಯೋಗಕ್ಕೆ ಬರುತ್ತದೆ.

1. ಮೊದಲ ಸಲ ಕ್ಯಾಮೆರಾ ಬೇಡ

ಹೊಸ ಜಾಗಕ್ಕೆ ಮೊದಲ ಸಲ ಬರಿಗೈಲಿ ಹೋಗಿ ಬನ್ನಿ. ಸುಮ್ನೆ ಓಡಾಡಿ. ಟೀ ಕುಡಿಯಿರಿ, ಅರ್ಧ ಕಿಲೋ ಹೂವು ಕೊಳ್ಳಿ. ಎಲ್ಲಿಂದ ಒಳಗೆ ಹೋಗಬಹುದು, ಎಲ್ಲಿಂದ ಬೇಗ ಹೊರಗೆ ಬರಬಹುದು ಅಂತ ನೋಡಿಟ್ಟುಕೊಳ್ಳಿ. ಕೆ.ಆರ್. ಮಾರ್ಕೆಟ್ ಗೊತ್ತಿಲ್ಲದವರಿಗೆ ಒಂದು ಚಕ್ರವ್ಯೂಹವೇ ಸರಿ. 1928ರ ಹಳೆಯ ಕಟ್ಟಡ, ಅದರ ಹಿಂದಿನ ಹೊಸ ಕಟ್ಟಡ, ತಲೆಯ ಮೇಲೆ ಫ್ಲೈಓವರ್, ಕಾಲ ಕೆಳಗೆ ಸಬ್‌ವೇ, ಪಕ್ಕದಲ್ಲಿ ಬಸ್ ಸ್ಟ್ಯಾಂಡ್. ಮೆಟ್ರೊ ನಿಲ್ದಾಣ ಎಲ್ಲಿದೆ, ಪೊಲೀಸರು ಎಲ್ಲಿ ನಿಂತಿರುತ್ತಾರೆ, ರಾತ್ರಿಯೂ ತೆರೆದಿರುವ ಮೆಡಿಕಲ್ ಶಾಪ್ ಯಾವುದು, ಶೌಚಾಲಯ ಎಲ್ಲಿದೆ ಎಂಬುದು ಆ ದಿನವೇ ಗೊತ್ತಾಗಬೇಕು. ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಗೊತ್ತಿಲ್ಲದ ಗಲ್ಲಿಗಳಲ್ಲಿ ಅವಸರವಾಗಿ ಅದನ್ನೇ ಹುಡುಕುವ ಪರಿಸ್ಥಿತಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬರಲೇಬಾರದು.

ಹೋಗುವ ಹೊತ್ತೂ ಮುಖ್ಯ. ಮಾರ್ಕೆಟಿನ ಹೂವಿನ ವ್ಯಾಪಾರ ಬೆಳಗಿನ ಜಾವದಲ್ಲೇ ಜೋರಾಗಿರುತ್ತದೆ. ಕತ್ತಲಿನಲ್ಲೂ ಅಲ್ಲಿ ಜನ, ಬೆಳಕು, ಗದ್ದಲ ಎಲ್ಲ ಇರುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿ ಖಾಲಿ ಇರುತ್ತದೆ. ಅಪಾಯ ಇರುವುದು ಆ ದಾರಿಯಲ್ಲಿ. ನನ್ನ ಸಲಹೆ ಕೇಳಿದರೆ, ಮೊದಮೊದಲು ಮೊದಲ ಮೆಟ್ರೊ ಹಿಡಿದು ಹೋಗಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ ಅನ್ನುವುದು ನೆನಪಿರಲಿ. ಏಳೂವರೆ ಎಂಟರ ಹೊತ್ತಿಗೆ ಎಳೆ ಬಿಸಿಲು ಓರೆಯಾಗಿ ಬೀಳುತ್ತದೆ, ವ್ಯಾಪಾರವೂ ಇನ್ನೂ ನಡೆಯುತ್ತಿರುತ್ತದೆ. ಫೋಟೋಗೂ ಅದೇ ಒಳ್ಳೆಯ ಹೊತ್ತು.

2. ಒಂದು ಕ್ಯಾಮೆರಾ, ಒಂದು ಲೆನ್ಸ್, ಚಿಕ್ಕ ಚೀಲ

ಎರಡು ಕ್ಯಾಮೆರಾ, ಮೂರು ಲೆನ್ಸ್, ಟ್ರೈಪಾಡ್ ಎಲ್ಲ ಹೊತ್ತುಕೊಂಡು ಹೋದರೆ ಓಡಾಟ ನಿಧಾನವಾಗುತ್ತದೆ. ಜನದಟ್ಟಣೆಯ ನಡುವೆ ಲೆನ್ಸ್ ಬದಲಿಸಲು ನಿಂತಾಗ ಎರಡೂ ಕೈ ಕಟ್ಟಿಹಾಕಿದ ಹಾಗೆ. ಕಣ್ಣು ಚೀಲದಲ್ಲಿ. ಜೇಬಿಗೆ ಕೈ ಹಾಕುವವರು ಕಾಯುವುದು ಆ ಗಳಿಗೆಗೇ. ಒಂದು ಚಿಕ್ಕ ಕ್ಯಾಮೆರಾ, 28 ಅಥವಾ 35 ಎಂಎಂ ನೋಟದ, ಅಂದರೆ ಸ್ವಲ್ಪ ಅಗಲವಾಗಿ ಕಾಣುವ, ಒಂದು ಲೆನ್ಸ್ ಸಾಕು. ಮೊಬೈಲ್ ಒಂದೇ ಇದ್ದರೂ ಸಾಕು. ಆದರೆ ಮೊಬೈಲಿನಲ್ಲೇ ಫೋಟೋ ತೆಗೆಯುವವರು ಅದಕ್ಕೂ ಒಂದು ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ. ರಸ್ತೆ ಕಡೆ ಚಾಚಿದ ಕೈಯಿಂದ ಮೊಬೈಲ್ ಎಗರಿಸಲು ಬೈಕ್ ಸವಾರರಿಗೆ ಅರೆಕ್ಷಣ ಸಾಕು.

ಕ್ಯಾಮೆರಾ ಮೇಲಿನ ಕಂಪನಿಯ ಹೆಸರಿಗೆ ಕಪ್ಪು ಟೇಪ್ ಅಂಟಿಸಿ. ಫ್ರಾನ್ಸಿನ ಹೆಸರಾಂತ ಬೀದಿ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸ್ಸೊನ್ ತನ್ನ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಸುತ್ತುತ್ತಿದ್ದ. ಅವನಿಗೆ ಬೇಕಿದ್ದದ್ದು ಜನರ ಗಮನ ಸೆಳೆಯದಿರುವುದು. ನಮಗೆ ಅದರ ಜೊತೆಗೆ, ಇದು ಎಷ್ಟು ದುಡ್ಡಿನ ಕ್ಯಾಮೆರಾ ಅಂತ ದೂರದಿಂದಲೇ ಯಾರಿಗೂ ಗೊತ್ತಾಗದಿರುವುದೂ ಮುಖ್ಯ. ಕಂಪನಿಯ ಹೆಸರು ದಪ್ಪಕ್ಷರದಲ್ಲಿ ಬರೆದ ಪಟ್ಟಿಯನ್ನೂ ಬದಲಿಸಿ. ಪಟ್ಟಿಯನ್ನು ಕುತ್ತಿಗೆಗೆ ಹಾರದ ಹಾಗೆ ಇಳಿಬಿಡುವ ಬದಲು ಒಂದು ಭುಜದಿಂದ ಇನ್ನೊಂದು ಸೊಂಟಕ್ಕೆ ಅಡ್ಡಡ್ಡ ಹಾಕಿ.

ಇನ್ನೊಂದು ತಾಂತ್ರಿಕ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಇದು ಚಿತ್ರಕ್ಕಿಂತ ಹೆಚ್ಚಾಗಿ ಮೈ ಉಳಿಸುತ್ತದೆ. 28 ಎಂಎಂ ನೋಟ ಕೊಡುವ ಎಪಿಎಸ್-ಸಿ (ಸ್ವಲ್ಪ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು (ಅಪರ್ಚರ್) ಎಫ್/8ಕ್ಕೆ ಇಟ್ಟು, ಫೋಕಸನ್ನು ಕೈಯಿಂದಲೇ 2 ಮೀಟರಿಗೆ ನಿಲ್ಲಿಸಿ. ಸುಮಾರು 1 ಮೀಟರಿನಿಂದ ಹಿಡಿದು ದೂರದವರೆಗೂ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಶಟರ್ 1/250 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ. ಇಷ್ಟು ಮಾಡಿಕೊಂಡರೆ ಫೋಕಸ್ ಸಿಗಲಿಲ್ಲ ಅಂತ ರಸ್ತೆ ಮಧ್ಯೆ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುವ ಕೆಲಸವೇ ಇಲ್ಲ. ಕ್ಯಾಮೆರಾ ಎತ್ತಿದಿರಿ, ಒತ್ತಿದಿರಿ, ಇಳಿಸಿದಿರಿ. ಕಣ್ಣು ಮತ್ತೆ ರಸ್ತೆ ಮೇಲೆ.

ಚೀಲದಲ್ಲಿ ನೀರು, ಪವರ್ ಬ್ಯಾಂಕ್, ಗುರುತಿನ ಚೀಟಿ, ಇನ್ನೊಂದು ಮೆಮೊರಿ ಕಾರ್ಡ್, ಸ್ವಲ್ಪ ಚಿಲ್ಲರೆ ದುಡ್ಡು. ದುಡ್ಡನ್ನು ಎರಡು ಕಡೆ ಇಡಿ. ಒಂದು ಸುತ್ತು ಮುಗಿದ ಮೇಲೆ ಮೆಮೊರಿ ಕಾರ್ಡ್ ಬದಲಿಸಿ, ತುಂಬಿದ್ದನ್ನು ಒಳಜೇಬಿಗೆ ಹಾಕಿಕೊಳ್ಳಿ. ಕ್ಯಾಮೆರಾ ಹೋದರೂ ಚಿತ್ರ ಉಳಿಯುತ್ತದೆ. ಕಾಲಿಗೆ ಹಿಡಿತ ಇರುವ ಶೂ ಬೇಕು. ಚಪ್ಪಲಿ ಖಂಡಿತ ಬೇಡ. ಕಾರಣ ಮುಂದೆ ಹೇಳುತ್ತೇನೆ.

3. ಯಾರಿಗಾದರೂ ಹೇಳಿ ಹೊರಡಿ

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಬಹುದು. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರು ಆಯ್ಕೆ ಇರುತ್ತವೆ. 8 ಗಂಟೆಯದನ್ನು ಮನೆಯವರಿಗೋ ಸ್ನೇಹಿತರಿಗೋ ಕಳಿಸಿ. ಆದರೆ ಅದೊಂದನ್ನೇ ನಂಬಬೇಡಿ. ನಕ್ಷೆ ಮೇಲಿನ ಚುಕ್ಕೆಯನ್ನು ಇಡೀ ದಿನ ಯಾರೂ ನೋಡುತ್ತಾ ಕೂರುವುದಿಲ್ಲ ಅಲ್ವಾ? "ಹತ್ತೂವರೆಗೆ ಫೋನ್ ಮಾಡ್ತೀನಿ, ಮಾಡ್ಲಿಲ್ಲ ಅಂದ್ರೆ ನೀನೇ ಮಾಡು, ಎತ್ತಲಿಲ್ಲ ಅಂದ್ರೆ ಇಂಥ ಕಡೆ ಇದ್ದೆ ಅಂತ ತಿಳ್ಕೋ" ಎಂದು ಬಾಯಿಬಿಟ್ಟು ಹೇಳಿ. ಈ ಮಾತು ಲೊಕೇಶನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ತುರ್ತು ಸಂಖ್ಯೆ 112. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೊಂದೇ. ಮೊಬೈಲಿನ ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಈಗಿನ ಬಹಳಷ್ಟು ಫೋನುಗಳಲ್ಲಿದೆ. ಅದು ನಿಮ್ಮ ಫೋನಿನಲ್ಲಿ ಆನ್ ಆಗಿದೆಯೇ ಅಂತ ಮನೆಯಲ್ಲೇ ಸೆಟ್ಟಿಂಗ್ಸ್ ತೆರೆದು ನೋಡಿ. ನಗರದ ಕೆಲವು ಕಡೆ ಸೇಫ್ ಸಿಟಿ ಯೋಜನೆಯಲ್ಲಿ ಸೇಫ್ಟಿ ಐಲ್ಯಾಂಡ್ ಎಂಬ ಕಂಬಗಳನ್ನು ನಿಲ್ಲಿಸಿದ್ದಾರೆ. ಬಟನ್ ಒತ್ತಿದರೆ ಪೊಲೀಸರ ಜೊತೆ ಮಾತಾಡಬಹುದು. ದಾರಿಯಲ್ಲಿ ಕಂಡರೆ ಗುರುತಿಟ್ಟುಕೊಳ್ಳಿ.

ಹೊರಡುವ ಮೊದಲು ಫೋನಿನಲ್ಲಿ *#06# ಒತ್ತಿ ಐಎಂಇಐ ಸಂಖ್ಯೆ, ಅಂದರೆ ನಿಮ್ಮ ಫೋನಿಗೇ ಮೀಸಲಾದ ಗುರುತಿನ ಸಂಖ್ಯೆ, ಬರೆದಿಡಿ. ಕ್ಯಾಮೆರಾದ ಸೀರಿಯಲ್ ನಂಬರ್, ಬಿಲ್ ಎರಡರದೂ ಫೋಟೋ ತೆಗೆದು ಇಮೇಲ್‌ನಲ್ಲಿ ಹಾಕಿಡಿ. ಒಂದು ಸಲ ಮಾಡಿದರೆ ಮುಗಿಯಿತು.

4. ಮೊದಲು ಕಾಲು, ಆಮೇಲೆ ಕಣ್ಣು

ಈ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಫ್ರೇಮ್‌ನಲ್ಲಿ ಇನ್ನೂ ಸ್ವಲ್ಪ ಜಾಗ ಬೇಕು ಅಂತ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋಗುವುದು ಫೋಟೋ ತೆಗೆಯುವವರೆಲ್ಲರ ಅಭ್ಯಾಸ. ಬೆಂಗಳೂರಿನಲ್ಲಿ ಇದು ನಿಜಕ್ಕೂ ಅಪಾಯ. ಒನ್ ವೇ ರಸ್ತೆಯಲ್ಲೂ ಎದುರು ದಿಕ್ಕಿನಿಂದ ಬೈಕ್ ಬರುತ್ತದೆ. ಅವೆನ್ಯೂ ರಸ್ತೆಯಲ್ಲಿ ಫುಟ್‌ಪಾತ್ ತುಂಬ ಪುಸ್ತಕ, ರಸ್ತೆಯಲ್ಲಿ ತಳ್ಳುಗಾಡಿ, ಅವುಗಳ ನಡುವೆ ಮೂಟೆ ಹೊತ್ತವರು. ಎಲೆಕ್ಟ್ರಿಕ್ ಸ್ಕೂಟರ್ ಬಂದ ಮೇಲಂತೂ ಹಿಂದಿನಿಂದ ಬರುವುದು ಕಿವಿಗೂ ಕೇಳುವುದಿಲ್ಲ.

ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ. ಕ್ಯಾಮೆರಾ ಕಣ್ಣಿಗೆ ಹೋದಾಗ ಕಾಲು ನಿಂತಿರಬೇಕು. ಕಾಲು ನಡೆಯುವಾಗ ಕ್ಯಾಮೆರಾ ಕೆಳಗಿರಬೇಕು. ಹಿಂದೆ ಸರಿಯಲೇಬೇಕಾದರೆ ಕ್ಯಾಮೆರಾ ಇಳಿಸಿ, ತಿರುಗಿ ನೋಡಿ, ಜಾಗ ಬದಲಿಸಿ, ಮತ್ತೆ ಎತ್ತಿ. ಒಂದು ಫೋಟೋ ತಪ್ಪಿದರೆ ತಪ್ಪಲಿ. ನಿಂತ ಕಡೆ ಬೆನ್ನಿಗೆ ಗೋಡೆಯೋ ಕಂಬವೋ ಮುಚ್ಚಿದ ಅಂಗಡಿಯ ಶಟರ್ರೋ ಇರುವ ಹಾಗೆ ನೋಡಿಕೊಳ್ಳಿ. ಬೆನ್ನಿಗೆ ಗೋಡೆ ಇದ್ದರೆ ಹಿಂದಿನಿಂದ ಗಾಡಿಯೂ ಬರುವುದಿಲ್ಲ, ಚೀಲಕ್ಕೆ ಕೈಯೂ ಬರುವುದಿಲ್ಲ. ವ್ಯೂಫೈಂಡರ್‌ನಲ್ಲಿ ನೋಡುವಾಗ ಇನ್ನೊಂದು ಕಣ್ಣನ್ನೂ ತೆರೆದೇ ಇಡುವುದನ್ನು ರೂಢಿ ಮಾಡಿಕೊಳ್ಳಿ. ಮೊದಲೆರಡು ವಾರ ಕಷ್ಟ, ಆಮೇಲೆ ತಾನಾಗಿ ಬರುತ್ತದೆ. ಇಯರ್‌ಫೋನ್ ಮನೆಯಲ್ಲೇ ಇರಲಿ.

ಹೂವಿನ ಮಾರ್ಕೆಟಿನ ನೆಲದ ಬಗ್ಗೆ ಬೇರೆಯೇ ಹೇಳಬೇಕು. ಸೇವಂತಿಗೆ, ಚೆಂಡುಹೂವಿನ ಎಸಳು, ಬಾಳೆಎಲೆ, ಚಿಮುಕಿಸಿದ ನೀರು ಎಲ್ಲ ಸೇರಿ ಕಾಲಡಿಯಲ್ಲಿ ಲೋಳೆಯಾಗಿರುತ್ತದೆ. ಮೇಲಿನ ಮೊಗಸಾಲೆಯಿಂದ ನೋಡಿದರೆ ಹಳದಿ, ಕೇಸರಿ ರಾಶಿ ಮಾತ್ರ ಕಾಣುತ್ತದೆ. ಕೆಳಗೆ ಇಳಿದರೆ ಜಾರುವುದು ಗೊತ್ತಾಗುತ್ತದೆ. ಚಪ್ಪಲಿ ಬೇಡ ಅಂದದ್ದು ಇದಕ್ಕೇ. ತಲೆಯ ಮೇಲೆ ಮೂಟೆ ಹೊತ್ತ ಹಮಾಲರು "ಸೈಡ್, ಸೈಡ್" ಅಂತ ಕೂಗುತ್ತಾ ಬರುತ್ತಾರೆ. ಅವರಿಗೆ ನಿಲ್ಲಲು ಆಗುವುದಿಲ್ಲ. ಹೊರೆ ಹೊತ್ತು ಅರ್ಧ ಓಟದಲ್ಲಿರುತ್ತಾರೆ, ಕೆಳಗೆ ನೋಡಲೂ ಆಗುವುದಿಲ್ಲ. ಆ ಕೂಗು ಕೇಳಿದ ತಕ್ಷಣ ಫೋಟೋ ಬಿಟ್ಟು ಪಕ್ಕಕ್ಕೆ ಸರಿಯಿರಿ. ಅವರ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯುವುದು ನಮಗೂ ಅಪಾಯ, ಅವರಿಗೂ ಅಪಾಯ. ಬೈಗುಳ ತಿಂದರೆ ಅದು ನ್ಯಾಯವೇ.

ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಬೀದಿನಾಯಿಗಳು ಬೆನ್ನು ಹತ್ತಿದರೆ ಓಡಬೇಡಿ. ನಿಂತುಬಿಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಚೀಲವನ್ನು ಮುಂದೆ ಹಿಡಿದು ನಿಧಾನಕ್ಕೆ ಸರಿಯಿರಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಮಾರ್ಕೆಟಿನ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ ಇದೆ.

5. ಕೇಳಿ ತೆಗೆಯಿರಿ, ತೆಗೆದು ತೋರಿಸಿ

"ಅಕ್ಕ, ಹೂವು ಚೆನ್ನಾಗಿದೆ. ಒಂದು ಫೋಟೋ ತೆಗೀಲಾ?"

"ಯಾಕೆ? ಪೇಪರ್‌ನೋರಾ?"

"ಇಲ್ಲ ಅಕ್ಕ, ನನಗೆ ಇಷ್ಟ, ಅದಕ್ಕೆ ತೆಗೀತೀನಿ."

"ಪಾಲಿಕೆಯೋರು ಅಲ್ಲ ತಾನೆ?"

ಈ ಕೊನೆಯ ಪ್ರಶ್ನೆಯನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಫುಟ್‌ಪಾತ್ ಮೇಲೆ ಕೂತು ವ್ಯಾಪಾರ ಮಾಡುವವರಿಗೆ ಎತ್ತಂಗಡಿಯ ಭಯ ಯಾವಾಗಲೂ ಇರುತ್ತದೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆ ಬಂದಿದ್ದರೂ ಆ ಭಯ ಹೋಗಿಲ್ಲ. ಯಾರೋ ಬಂದು ಫೋಟೋ ತೆಗೆದುಕೊಂಡು ಹೋದರು, ಮಾರನೇ ದಿನ ಜೀಪು ಬಂತು ಅಂದರೆ ಅವರು ಏನಂತ ತಿಳಿಯಬೇಕು? ಕ್ಯಾಮೆರಾ ನೋಡಿ ರೇಗಾಡುವವರನ್ನು ಒರಟರು ಅಂದುಕೊಳ್ಳಬೇಡಿ. ಅವರ ಹೊಟ್ಟೆಪಾಡಿನ ಪ್ರಶ್ನೆ ಅದು. ನೀವು ಯಾವ ಇಲಾಖೆಯವರೂ ಅಲ್ಲ, ಚಾನೆಲ್‌ನವರೂ ಅಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಬಿಗಿ ಸಡಿಲವಾಗುತ್ತದೆ.

ಕೇಳಿದರೆ ಜನ ಫೋಸು ಕೊಟ್ಟುಬಿಡುತ್ತಾರೆ, ಸಹಜ ಭಾವ ಹೋಗುತ್ತದೆ ಅನ್ನುವ ವಾದ ಇದೆ. ಮೊದಲ ಫೋಟೋದಲ್ಲಿ ನಿಜ. ಅದನ್ನು ತೆಗೆದು, ಪರದೆಯಲ್ಲಿ ತೋರಿಸಿ, ನಕ್ಕು, ಅಲ್ಲೇ ನಿಲ್ಲಿ. ಅಷ್ಟರಲ್ಲಿ ಗಿರಾಕಿ ಬರುತ್ತಾರೆ. ಅಕ್ಕ ಮಾಲೆಯನ್ನು ಮೊಳಕೈಗೆ ಅಳೆದು, ದಾರ ಹಲ್ಲಲ್ಲಿ ಕಚ್ಚಿ ಹರಿದು, ಎಲೆಯಲ್ಲಿ ಸುತ್ತಿ ಕೊಡುತ್ತಾಳೆ. ನೀವು ಇರುವುದೇ ಅವಳಿಗೆ ಮರೆತುಹೋಗಿರುತ್ತದೆ. ಆಗ ಸಿಗುವ ಫೋಟೋ ಕದ್ದು ತೆಗೆದದ್ದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ, ಮತ್ತು ನೀವು ಅಷ್ಟು ಹೊತ್ತೂ ಅವಳ ಕಣ್ಣಳತೆಯಲ್ಲಿ ಕ್ಷೇಮವಾಗಿರುತ್ತೀರಿ.

ಮಾತು ಅವರ ಭಾಷೆಯಲ್ಲಿ ಆದರೆ ಒಳ್ಳೆಯದು. ಮಾರ್ಕೆಟಿನಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಶಿವಾಜಿನಗರದ ಕಡೆ ದಖ್ಖನಿ ಉರ್ದು. ಪೂರ್ತಿ ಬರಬೇಕಿಲ್ಲ, ಅಣ್ಣ, ಅಕ್ಕ, ಭಾಯ್, ಅಜ್ಜಿ, ಯಜಮಾನ್ರೇ ಅಂತ ಕರೆದರೆ ಸಾಕು. ಬೇಡ ಅಂದರೆ ಬೇಡ. "ಆಯ್ತು ಅಕ್ಕ, ಪರವಾಗಿಲ್ಲ" ಅಂತ ಹೇಳಿ ಮುಂದೆ ಹೋಗಿ. ಪಕ್ಕದ ಅಂಗಡಿಯಿಂದ ಜೂಮ್ ಹಾಕಿ ತೆಗೆಯುವುದು ಬೇಡವೇ ಬೇಡ. ಅದನ್ನು ಬೀದಿಯಲ್ಲಿ ಯಾರಾದರೂ ನೋಡಿಯೇ ಇರುತ್ತಾರೆ.

ಮತ್ತೆ ಹೋಗುವಾಗ ಫೋಟೋ ಪ್ರಿಂಟ್ ಹಾಕಿಸಿ ಕೊಡಿ. 4x6 ಅಳತೆಯ ಪ್ರಿಂಟಿಗೆ ದೊಡ್ಡ ಖರ್ಚೇನೂ ಇಲ್ಲ. ಹತ್ತು ಜನಕ್ಕೆ ಕೊಟ್ಟರೆ ಆ ಇಡೀ ಸಾಲು ನಿಮ್ಮನ್ನು "ಫೋಟೋ ಕೊಡೋರು" ಅಂತ ಗುರುತಿಸುತ್ತದೆ. ಬೇರೆ ಯಾರಾದರೂ ನಿಮ್ಮ ಮೇಲೆ ಜೋರು ಮಾಡಿದರೆ "ಏ, ಅವರು ನಮಗೆ ಗೊತ್ತಿರೋರು" ಅಂತ ಒಂದು ದನಿ ಬರುತ್ತದೆ. ಒಂಟಿಯಾಗಿ ಹೋಗುವವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ನನಗಂತೂ ಗೊತ್ತಿಲ್ಲ.

6. ಕ್ಯಾಮೆರಾ ಎತ್ತಬಾರದ ಕಡೆ

ಮಕ್ಕಳ ವಿಷಯ ಮೊದಲು. 2018ರ ಮೇ ತಿಂಗಳಲ್ಲಿ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಹರಡಿ, ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಮಾರ್ಕೆಟಿನಿಂದ ನಡೆದು ಹೋಗುವಷ್ಟು ದೂರ. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಮೇಲೆ ಇದೇ ಅನುಮಾನದಿಂದ ದಾಳಿ ಆಯಿತು, ಒಬ್ಬರು ತೀರಿಕೊಂಡರು. ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಲ್ಲಿ ಅನುಮಾನಕ್ಕೆ ಕಾರಣ. ಹಾಗಾಗಿ ಮಕ್ಕಳಿಗೆ ತಿಂಡಿ ಕೊಟ್ಟು ಫೋಟೋ ತೆಗೆಯುವುದು, ಒಂಟಿ ಮಗುವಿನ ಹಿಂದೆ ಹೋಗುವುದು, ಶಾಲೆಯ ಗೇಟಿನ ಹತ್ತಿರ ಕ್ಯಾಮೆರಾ ಹಿಡಿದು ನಿಲ್ಲುವುದು ಖಂಡಿತ ಬೇಡ. ಮಗುವಿನ ಫೋಟೋ ಬೇಕೇ ಬೇಕು ಅಂದರೆ ಮೊದಲು ಅಪ್ಪ ಅಮ್ಮನ ಜೊತೆ ಮಾತು. ಅವರು ಹತ್ತಿರ ಇಲ್ಲ ಅಂದರೆ ಫೋಟೋ ಇಲ್ಲ.

ಹೆಣ್ಣುಮಕ್ಕಳ ಫೋಟೋ. 2025ರಲ್ಲಿ ನಮ್ಮ ಮೆಟ್ರೊದಲ್ಲಿ ಓಡಾಡುವ ಹುಡುಗಿಯರ ಫೋಟೋ, ವಿಡಿಯೊಗಳನ್ನು ಕದ್ದು ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದ ಪ್ರಕರಣ ಹೊರಬಂತು. ಚರ್ಚ್ ಸ್ಟ್ರೀಟ್‌ನಲ್ಲಿ ನಡೆದು ಹೋಗುವವರನ್ನು ಚಿತ್ರೀಕರಿಸಿ ಹಾಕುತ್ತಿದ್ದ ಇನ್ನೊಂದು ಪ್ರಕರಣವೂ ಅದೇ ವರ್ಷದ್ದು. ಎರಡರಲ್ಲೂ ಪೊಲೀಸರು ಬಂಧಿಸಿದರು. ಆಮೇಲೆ ಆ ಕಡೆಗಳಲ್ಲಿ ಕ್ಯಾಮೆರಾ ಕಂಡರೆ ಜನ ಹುಬ್ಬು ಗಂಟಿಕ್ಕುತ್ತಾರೆ. ಅದು ಸರಿಯಾಗಿಯೇ ಇದೆ. ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣುಮಗಳ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಮೊದಲ ಸಲವೇ ಒಂದರಿಂದ ಮೂರು ವರ್ಷ ಜೈಲು. ಆದರೆ ಕಾನೂನಿನ ಗೆರೆ ಎಲ್ಲಿದೆ ಅಂತ ನೋಡಿಕೊಂಡು ಅದರ ಅಂಚಿನಲ್ಲಿ ನಿಲ್ಲುವುದು ಬೇಡ. ಆ ಫೋಟೋದಲ್ಲಿ ನಿಮ್ಮ ಅಕ್ಕನೋ ಮಗಳೋ ಇದ್ದರೆ ಸರಿ ಅನ್ನಿಸುತ್ತದೆಯೇ ಅಂತ ಕೇಳಿಕೊಂಡರೆ ಸಾಕು.

ಮಾಂಸದ ಅಂಗಡಿಗಳ ಸಾಲಿನಲ್ಲಿ ಕೇಳದೆ ಕ್ಯಾಮೆರಾ ಎತ್ತಬೇಡಿ. ಅಲ್ಲಿಯವರಿಗೆ ಫೋಟೋ ಎಲ್ಲಿ, ಯಾರ ಕೈಗೆ ಹೋಗುತ್ತದೋ ಎಂಬ ಆತಂಕ ಇರುತ್ತದೆ. ಗರ್ಭಗುಡಿ, ನಮಾಜಿನ ಹೊತ್ತಿನ ಮಸೀದಿ, ಸಾವಿನ ಮನೆ, ಇವೂ ಅಷ್ಟೇ. ಕರಗ, ಕಡಲೆಕಾಯಿ ಪರಿಷೆಯಂಥ ಜಾತ್ರೆಗಳಲ್ಲಿ ಫೋಟೋಗೆ ಯಾರೂ ಬೇಡ ಅನ್ನುವುದಿಲ್ಲ, ಅಲ್ಲಿ ಎಚ್ಚರ ಬೇಕಿರುವುದು ನೂಕುನುಗ್ಗಲಿನ ಬಗ್ಗೆ. ಜನ ಒಂದೇ ಕಡೆ ಒತ್ತತೊಡಗಿದರೆ ಕ್ಯಾಮೆರಾ ಚೀಲಕ್ಕೆ ಹಾಕಿ, ಓರೆಯಾಗಿ ನಡೆದು ಅಂಚಿಗೆ ಬಂದುಬಿಡಿ.

ಸೇನೆಗೆ ಸೇರಿದ ಜಾಗಗಳು, ಎಚ್‌ಎಎಲ್ ಸುತ್ತಮುತ್ತ, ಫೋಟೋ ನಿಷೇಧ ಎಂಬ ಬೋರ್ಡ್ ಇರುವ ಯಾವ ಗೋಡೆಯೂ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ದೊಡ್ಡ ಕ್ಯಾಮೆರಾ ಕಂಡರೆ ಕಾವಲುಗಾರರು ತಡೆಯುವುದುಂಟು. ಅವರ ಜೊತೆ ವಾದ ಬೇಡ.

7. ಯಾರಾದರೂ ಸಿಟ್ಟಾದರೆ

ಮೊದಲು ಕ್ಯಾಮೆರಾ ಕೆಳಗೆ. ಎರಡನೆಯದು, ನಿಲ್ಲಿ. ತಕ್ಷಣ ಬೆನ್ನು ತಿರುಗಿಸಿ ಬಿರಬಿರನೆ ನಡೆದರೆ ತಪ್ಪು ಮಾಡಿ ಓಡಿಹೋಗುವವರ ಹಾಗೆ ಕಾಣುತ್ತದೆ. ಹಿಂದೆ ನಾಲ್ಕು ಜನ ಬರುತ್ತಾರೆ. "ಕ್ಷಮಿಸಿ ಅಣ್ಣ, ನಿಮಗೆ ಬೇಜಾರಾಗಿದ್ರೆ ಅಳಿಸಿಬಿಡ್ತೀನಿ" ಅಂತ ಹೇಳಿ, ಅವರ ಕಣ್ಣೆದುರೇ ಅಳಿಸಿ, ತೋರಿಸಿ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯಲು ನನಗೆ ಹಕ್ಕಿದೆ ಅನ್ನುವ ವಾದ ಆ ಹೊತ್ತಿಗೆ ಬೇಡ. ಹಕ್ಕು ಇರಬಹುದು, ಆದರೆ ಅಲ್ಲಿ ನೀವು ಒಬ್ಬರೇ.

ಕ್ಯಾಮೆರಾವನ್ನು ಅವರ ಕೈಗೆ ಕೊಡಬೇಡಿ. ನೀವೇ ಹಿಡಿದು, ಪಟ್ಟಿ ಮೈಮೇಲಿರುವಾಗಲೇ ಪರದೆ ತೋರಿಸಿ. ಸುತ್ತ ಜನ ಸೇರಿದರೆ ಎಲ್ಲರಿಗೂ ಉತ್ತರ ಕೊಡಲು ಹೋಗಬೇಡಿ. ಅವರಲ್ಲಿ ಹಿರಿಯರೊಬ್ಬರನ್ನು, ಅದರಲ್ಲೂ ಅಲ್ಲಿಯ ಅಂಗಡಿಯವರನ್ನು ನೋಡಿ, ಅವರೊಬ್ಬರಿಗೇ ಮೆಲ್ಲಗೆ ಹೇಳಿ. ಒಬ್ಬರು ಸಮಾಧಾನವಾದರೆ ಉಳಿದವರು ಚದುರುತ್ತಾರೆ. ಮಾತಾಡುತ್ತಾ ಬೆಳಕಿರುವ, ಜನ ಹೆಚ್ಚಿರುವ ಕಡೆ ನಿಧಾನಕ್ಕೆ ಸರಿಯಿರಿ. ಅವರ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡುವುದು ಬೆಂಕಿಗೆ ತುಪ್ಪ. ಕುಡಿದವರ ಜೊತೆ ಯಾವ ಮಾತೂ ಬೇಡ, ಅಲ್ಲಿಂದ ಹೊರಟುಬಿಡಿ. ಮೈಮೇಲೆ ಕೈ ಮಾಡುವ ಹಾಗೆ ಕಂಡರೆ ಹತ್ತಿರದ ಅಂಗಡಿಯೊಳಗೆ ಹೋಗಿ 112ಕ್ಕೆ ಫೋನ್ ಮಾಡಿ.

ಪೊಲೀಸರು ಕೇಳಿದರೆ ಹೆಸರು, ಊರು, ಏನು ಮಾಡುತ್ತಿದ್ದೀರಿ ಎಲ್ಲ ನೇರವಾಗಿ ಹೇಳಿ, ಗುರುತಿನ ಚೀಟಿ ತೋರಿಸಿ. ತೆಗೆದ ಫೋಟೋಗಳನ್ನು ನೀವೇ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಕ್ಯಾಮೆರಾ ವಶಕ್ಕೆ ತೆಗೆದುಕೊಂಡರೆ ಅದನ್ನು ಬರಹದಲ್ಲಿ ಕೊಡಿ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ.

8. ಒಂಟಿ ಹೆಣ್ಣುಮಕ್ಕಳಿಗೆ

ನಾನೂ ಒಬ್ಬಳೇ ಹೋಗುವವಳು. ಕ್ಯಾಮೆರಾ ಕೈಯಲ್ಲಿದ್ದರೆ ಹೆಣ್ಣಿಗೆ ಒಂದು ಅನುಕೂಲ ಇದೆ: ಹೂವಿನ ಅಕ್ಕಂದಿರು, ತರಕಾರಿ ಅಜ್ಜಿಯರು ಬೇಗ ಹತ್ತಿರ ಬಿಟ್ಟುಕೊಳ್ಳುತ್ತಾರೆ. ಅನನುಕೂಲವೂ ಇದೆ, ಹಿಂದೆ ಬರುವವರು ಇರುತ್ತಾರೆ. ಒಂದೇ ಮುಖ ಮೂರನೇ ಸಲ ಕಂಡರೆ ಅದು ಕಾಕತಾಳೀಯ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ರಸ್ತೆ ದಾಟಿ, ಹೆಂಗಸರು ಇರುವ ಅಂಗಡಿಗೆ ಹೋಗಿ, "ಅಕ್ಕ, ಆ ಮನುಷ್ಯ ಹಿಂದೆ ಬರ್ತಿದ್ದಾನೆ" ಅಂತ ಗಟ್ಟಿಯಾಗಿ, ಅವನಿಗೂ ಕೇಳುವ ಹಾಗೆ ಹೇಳಿ. ಸಂಕೋಚ ಮಾಡಿಕೊಳ್ಳಬೇಡಿ. ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ.

ಗಂಡಸರು ಫೋಟೋ ತೆಗೆಸಿಕೊಂಡ ಮೇಲೆ "ನಂಬರ್ ಕೊಡಿ, ಕಳ್ಸಿ" ಅನ್ನುವುದು ಮಾಮೂಲಿ. ನಂಬರ್ ಕೊಡಬೇಡಿ. "ಪ್ರಿಂಟ್ ತಂದುಕೊಡ್ತೀನಿ ಅಣ್ಣ" ಅನ್ನಿ, ಮತ್ತು ನಿಜವಾಗಿ ತಂದುಕೊಡಿ. ಯಾವ ಏರಿಯಾದಲ್ಲಿ ಮನೆ ಅಂತ ಕೇಳಿದರೆ ದೊಡ್ಡ ಬಡಾವಣೆಯೊಂದರ ಹೆಸರು ಹೇಳಿದರೆ ಸಾಕು. ಕತ್ತಲಾದ ಮೇಲೆ ಆಟೋ ಹಿಡಿಯುವಾಗ ಗಾಡಿ ನಂಬರಿನ ಫೋಟೋ ತೆಗೆದು ಮನೆಗೆ ಕಳಿಸಿ. ಕ್ಯಾಮೆರಾ ಚೀಲದೊಳಗೆ ಹೋಗಿರಲಿ. ರಾತ್ರಿಯ ಬೆಳಕಿನ ಫೋಟೋ ಬೇಕು ಅಂದರೆ ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಕ್ರಾಸ್ ಥರ ಮನೆಮಂದಿಯೆಲ್ಲ ಖರೀದಿಗೆ ಬರುವ ಕಡೆಯಿಂದ ಶುರು ಮಾಡಿ. ಅಂಗಡಿಗಳು ಶಟರ್ ಎಳೆಯಲು ಶುರು ಮಾಡಿದರೆ ನೀವೂ ಹೊರಡುವ ಹೊತ್ತು.

9. ಕಳವಾದರೆ

ಚಾಕು ತೋರಿಸಿ ಕೇಳಿದರೆ ಕೊಟ್ಟುಬಿಡಿ. ಬೆನ್ನಟ್ಟಬೇಡಿ. ಗಾಡಿಯ ಬಣ್ಣ, ನಂಬರಿನ ಒಂದೆರಡು ಅಂಕಿ, ಹೋದ ದಿಕ್ಕು ಇಷ್ಟನ್ನು ತಕ್ಷಣ ಬರೆದಿಟ್ಟುಕೊಂಡು 112ಕ್ಕೆ ಹೇಳಿ. ಯಾವ ಠಾಣೆಯ ವ್ಯಾಪ್ತಿ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಈಗಿನ ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ಮೊಬೈಲ್ ಹೋಗಿದ್ದರೆ ಸಿಮ್ ನಿಲ್ಲಿಸಿ, ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಐಎಂಇಐ ಕೊಟ್ಟು ಫೋನನ್ನೇ ಬ್ಲಾಕ್ ಮಾಡಿಸಬಹುದು. ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು. ಬ್ಯಾಂಕ್ ಆ್ಯಪ್‌ಗಳಿಂದ ದುಡ್ಡು ಹೋಗಿದ್ದು ಕಂಡರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

10. ಮನೆಗೆ ಬಂದ ಮೇಲೆ

ಫೋಟೋಗಳನ್ನು ಅವತ್ತೇ ಎರಡು ಕಡೆ ಇಳಿಸಿಕೊಳ್ಳಿ. ಆದರೆ ಬೀದಿಯಲ್ಲಿ ನಿಂತೇ ಸ್ಟೇಟಸ್ ಹಾಕುವುದು, "ಈಗ ಮಾರ್ಕೆಟಲ್ಲಿದ್ದೀನಿ" ಅಂತ ಬರೆಯುವುದು ಬೇಡ. ದುಬಾರಿ ಕ್ಯಾಮೆರಾ ಇರುವವರು ಒಬ್ಬರೇ ಎಲ್ಲಿದ್ದಾರೆ ಅಂತ ಊರಿಗೆಲ್ಲ ಹೇಳಿದ ಹಾಗೆ. ಒಂದೆರಡು ದಿನ ಬಿಟ್ಟು ಹಾಕಿದರೆ ಫೋಟೋದ ಬೆಲೆ ಏನೂ ಕಡಿಮೆಯಾಗುವುದಿಲ್ಲ. ಹಾಕುವ ಮೊದಲು ಫೋಟೋದೊಳಗಿನ ಲೊಕೇಶನ್ ಮಾಹಿತಿ ತೆಗೆದುಹಾಕಿ.

ಇನ್ನು ಫೋಟೋದಲ್ಲಿರುವವರ ಕ್ಷೇಮ. ಫುಟ್‌ಪಾತ್ ವ್ಯಾಪಾರಿ ಇಂಥ ಜಾಗದಲ್ಲಿ ಕೂರುತ್ತಾನೆ ಅಂತ ಗುರುತು ಹಾಕಿ ಬರೆದರೆ ಅವನಿಗೆ ತೊಂದರೆಯಾದೀತೇ? ಮಲಗಿರುವವರು, ಕುಡಿದು ಬಿದ್ದವರು, ಅಳುತ್ತಿರುವವರು ಇದನ್ನು ನೋಡಿದರೆ ಏನನ್ನಿಸೀತು? ಅನುಮಾನ ಬಂದರೆ ಆ ಫೋಟೋ ನಿಮ್ಮ ಹಾರ್ಡ್ ಡಿಸ್ಕಿನಲ್ಲೇ ಇರಲಿ. ಯಾರಾದರೂ ಸಂಪರ್ಕಿಸಿ "ಅದು ನನ್ನ ಫೋಟೋ, ತೆಗೆದುಬಿಡಿ" ಅಂದರೆ ಕಾರಣ ಕೇಳದೆ ಅವತ್ತೇ ತೆಗೆಯಿರಿ. ಪ್ರಿಂಟ್ ಕೊಡಬೇಕಾದವರ ಫೋಟೋಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಯಾವ ಸಾಲು, ಯಾವ ಅಂಗಡಿಯ ಪಕ್ಕ ಅಂತ ನೆನಪಿರುವಾಗಲೇ ಬರೆದಿಡಿ.